ತಿಂಗಳಿಗೆ ಬರೀ 25 ಡಾಲರ್!

"ಅಪ್ಪಾ, ಸಾವಿರ ಡಾಲರ್ ಲ್ಯಾಪ್‌ಟಾಪ್. ಕಾರ್ಡ್‌ನಲ್ಲಿ ತಗೊಂಡು ತಿಂಗಳಿಗೆ 25 ಕಟ್ಟಿದ್ರೆ ಸಾಕಲ್ವಾ?" ಹೈಸ್ಕೂಲ್ ಮುಗಿಸುತ್ತಿರುವ ಮಗ ಕೇಳಿದ. ಬೈಯಲಿಲ್ಲ, ಲೆಕ್ಕ ಹಾಕು ಅಂದೆ.

ವರ್ಷಕ್ಕೆ 24% ಬಡ್ಡಿ ಅಂದರೆ ತಿಂಗಳಿಗೆ 2%. ಮೊದಲ ತಿಂಗಳ ಬಡ್ಡಿಯೇ 20 ಡಾಲರ್. ಅಸಲಿಗೆ ಹೋಗುವುದು ಬರೀ 5! ಸ್ಪ್ರೆಡ್‌ಶೀಟ್‌ನಲ್ಲಿ ಮುಂದುವರಿಸಿದ: ಸಾಲ ತೀರಲು 82 ತಿಂಗಳು, ಒಟ್ಟು ಸುಮಾರು 2,030 ಡಾಲರ್. ತಿಂಗಳಿಗೆ 50 ಕಟ್ಟಿದರೆ? 26 ತಿಂಗಳು, ಸುಮಾರು 1,290. ಕಂತು ಎರಡರಷ್ಟಾದರೆ ಬಡ್ಡಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಉಳಿಯಿತು.

ಚಕ್ರಬಡ್ಡಿಯ ಸೂತ್ರ ಅವನಿಗೆ ಬಾಯಿಪಾಠ. ಆದರೆ ಅಂಗಡಿಯವರು ಸೂತ್ರ ಕೊಟ್ಟು ಪ್ರಶ್ನೆ ಕೇಳುವುದಿಲ್ಲ. ಮುಂದಿನ ವರ್ಷ ಕಾಲೇಜಿನಲ್ಲಿ ಕಾರ್ಡ್ ಅವನ ಜೇಬಿನಲ್ಲೇ ಇರುತ್ತದೆ.

ನೀವೂ ವಾರಕ್ಕೊಂದು ಮನೆ ಬಿಲ್ ಮಕ್ಕಳ ಮುಂದಿಡಿ. ಮೊದಲು ಅಂದಾಜು ಹೇಳಲಿ, ಆಮೇಲೆ ಕ್ಯಾಲ್ಕುಲೇಟರ್.