ರಸ್ತೆಯ ಮೇಲೊಂದು ರಸ್ತೆ

ಊರು ಬೆಳೆದಂತೆಲ್ಲ ಅದರ ಬೀದಿಗಳು ಇಕ್ಕಟ್ಟಾಗುವುದು ಸಹಜ. ಬೀದಿಯನ್ನು ಅಗಲ ಮಾಡೋಣವೆಂದರೆ ಎರಡು ಮಗ್ಗುಲಲ್ಲಿಯೂ ಮನೆ, ಅಂಗಡಿ, ದೇವಸ್ಥಾನ, ಪಾಠಶಾಲೆಗಳು ಒತ್ತಾಗಿ ನಿಂತಿರುವುವು. ಅವನ್ನು ಕೆಡವುವುದು ದುಬಾರಿಯೂ ದುಃಖಕರವೂ ಆದ ಕೆಲಸ. ಅಕ್ಕಪಕ್ಕಕ್ಕೆ ಬೆಳೆಯಲಾರದ ಮನೆಗೆ ಮಹಡಿಯನ್ನು ಕಟ್ಟುವಂತೆ ರಸ್ತೆಗೂ ಏಕೆ ಒಂದು ಮಹಡಿಯನ್ನು ಕಟ್ಟಬಾರದು? ಈ ಆಲೋಚನೆಯಿಂದ ಹುಟ್ಟಿದುವೇ ನಗರಗಳ ಮೇಲ್ಸೇತುವೆಗಳು. ಇವುಗಳ ವೆಚ್ಚವು ಸುಂಕದ ರೂಪದಲ್ಲಿಯೋ ತೆರಿಗೆಯ ರೂಪದಲ್ಲಿಯೋ ಕೊನೆಗೆ ಗೃಹಸ್ಥರ ಮೇಲೆಯೇ ಬೀಳುವುದರಿಂದ, ಇವನ್ನು ಹೇಗೆ ಯೋಜಿಸುವರು, ಇವು ಎಲ್ಲಿ ಸಫಲವಾಗುವುವು, ಎಲ್ಲಿ ಎಡವುವುವು ಎಂಬುದನ್ನು ನಾವೂ ತಿಳಿದಿರುವುದು ಲೇಸು.

ಬೆಂಗಳೂರಿನ ಹೊಸೂರು ರಸ್ತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ತಮಿಳುನಾಡಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಉದ್ಯಮಗಳು ನೆಲೆಗೊಂಡ ಮೇಲೆ ದೂರದ ಲಾರಿ, ಬಸ್ಸುಗಳೂ ಉದ್ಯೋಗಿಗಳ ಕಾರುಗಳೂ ಪೇಟೆಗೆ ಹೊರಟ ಸ್ಥಳೀಯರ ಗಾಡಿಗಳೂ ಒಂದೇ ದಾರಿಯಲ್ಲಿ ನೂಕಾಡತೊಡಗಿದುವು. ಆಗ ನಾಲ್ಕು ಪಥಗಳುಳ್ಳ, ಸುಮಾರು 10 ಕಿಲೋಮೀಟರು ಉದ್ದದ ಮೇಲ್ಸೇತುವೆಯನ್ನು ಕಟ್ಟಿ, 2010ರ ಜನವರಿಯಲ್ಲಿ ಸಂಚಾರಕ್ಕೆ ತೆರೆದರು. ನಡುವೆ ಎಲ್ಲಿಯೂ ನಿಲ್ಲಬೇಕಾಗಿಲ್ಲದವರು ಮೇಲೆ ಹೋಗಲಿ, ಅಲ್ಲಲ್ಲಿ ನಿಂತು ತಿರುಗುವವರು ಕೆಳಗೆ ಹೋಗಲಿ ಎಂಬುದು ಇಂತಹ ಯೋಜನೆಯ ಮೂಲ ತತ್ತ್ವ.

ಕಟ್ಟುವ ಕ್ರಮವೂ ಸ್ವಾರಸ್ಯಕರವಾದುದು. ರಸ್ತೆಯ ನಟ್ಟನಡುವೆ ಹೋಗುವ ಬರುವ ಗಾಡಿಗಳನ್ನು ಬೇರ್ಪಡಿಸುವ ಕಿರಿದಾದ ಪಟ್ಟಿಯಲ್ಲಿ ಒಂಟಿ ಕಂಬಗಳ ಸಾಲನ್ನು ನಿಲ್ಲಿಸುವರು. ಬೇರೊಂದು ಅಂಗಳದಲ್ಲಿ ಎರಕ ಹೊಯ್ದ ಕಾಂಕ್ರೀಟಿನ ತುಂಡುಗಳನ್ನು ರಾತ್ರಿಯ ಹೊತ್ತು ತಂದು, ಎರಡು ಕಂಬಗಳ ನಡುವಣ ಅಂಕಣಕ್ಕೆ ಬೇಕಾದಷ್ಟನ್ನು ಸಾಲಾಗಿ ತೂಗುಹಾಕಿ, ಅವುಗಳೊಳಗೆ ಉಕ್ಕಿನ ತಂತಿಯ ಹುರಿಗಳನ್ನು ಪೋಣಿಸಿ, ಯಂತ್ರದಿಂದ ಬಲವಾಗಿ ಸೆಳೆದು ಬಿಗಿಯುವರು. ದಾರದ ಬಿಗಿಯಿಂದ ಮಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುವಂತೆ, ಈ ಹುರಿಗಳ ಬಿಗಿಯಿಂದ ತುಂಡುಗಳೆಲ್ಲವೂ ಒಂದೇ ತೊಲೆಯಾಗಿ ನಿಲ್ಲುವುವು. ಕೆಳಗಣ ಸಂಚಾರವನ್ನು ಬಹುಕಾಲ ತಡೆಯದೆ ಕೆಲಸ ಸಾಗಿಸಲು ಇದು ಅನುಕೂಲವಾದ ವಿಧಾನ.

ಆದರೆ ಕಂಬವು ಎಷ್ಟು ದೃಢವಾಗಿದ್ದರೇನು, ಅದರ ಅಸ್ತಿಭಾರ ಗಟ್ಟಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಈ ವಿಷಯದಲ್ಲಿ ಅಮೆರಿಕದ ಫ್ಲಾರಿಡಾ ಸಂಸ್ಥಾನದ ಟಾಂಪಾ ನಗರದವರ ಅನುಭವವು ಬೋಧಪ್ರದವಾಗಿದೆ. ಅಲ್ಲಿಯ ಸೆಲ್ಮನ್ ಹೆದ್ದಾರಿಯ ನಡುವಣ ಪಟ್ಟಿಯಲ್ಲಿ ಕೇವಲ ಆರು ಅಡಿ ಜಾಗವನ್ನು ಹಿಡಿಯುವ ಕಂಬಗಳ ಮೇಲೆ ಮೂರು ಪಥಗಳ ರಸ್ತೆಯನ್ನು ಕಟ್ಟುತ್ತಿದ್ದರು. 2004ರ ಏಪ್ರಿಲ್ ತಿಂಗಳಲ್ಲಿ, ಕೆಲಸ ನಡೆಯುತ್ತಿದ್ದಾಗಲೇ, ಒಂದು ಕಂಬವು ಸುಮಾರು 11 ಅಡಿ ನೆಲದೊಳಗೆ ಕುಸಿಯಿತು. ಆ ಪ್ರಾಂತದ ಸುಣ್ಣಕಲ್ಲು ನೀರಿನಲ್ಲಿ ಕರಗುವಂಥದು. ಆದುದರಿಂದ ಗಟ್ಟಿ ನೆಲವು ಒಂದೆಡೆ ಮೇಲೆಯೇ ಸಿಕ್ಕಿದರೆ ಅಲ್ಲಿಂದ ಕೆಲವೇ ಮಾರು ದೂರದಲ್ಲಿ ಬಹಳ ಆಳಕ್ಕೆ ಇಳಿದಿರುವುದು. ಒಂದೊಂದು ಕಂಬದ ಕೆಳಗಣ ನೆಲವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕೆಂಬ ಪಾಠವನ್ನು ಟಾಂಪಾದವರು ಅಪಾರ ಹಣವನ್ನು ತೆತ್ತು ಕಲಿಯಬೇಕಾಯಿತು. ಅನೇಕ ಅಸ್ತಿಭಾರಗಳನ್ನು ಮತ್ತೆ ಬಲಪಡಿಸಿ, 2006ರಲ್ಲಿ ರಸ್ತೆಯನ್ನು ತೆರೆದರು.

ಆ ಯೋಜನೆಯಲ್ಲಿ ಮೆಚ್ಚತಕ್ಕ ಒಂದು ಜಾಣ್ಮೆಯೂ ಉಂಟು. ಬೆಳಗ್ಗೆ ಜನರೆಲ್ಲರೂ ಊರಿನ ಕಡೆಗೆ ಬರುವರು, ಸಂಜೆ ಮನೆಗೆ ಹಿಂದಿರುಗುವರು. ಆದುದರಿಂದ ಮೂರು ಪಥಗಳನ್ನೂ ಬೆಳಗ್ಗೆ ಊರಿನ ಕಡೆಗೆ, ಸಂಜೆ ಊರಿನಿಂದ ಹೊರಕ್ಕೆ ಓಡಿಸುವಂತೆ ಏರ್ಪಾಡು ಮಾಡಿದರು. ಆರು ಪಥಗಳು ಮಾಡಬೇಕಾದ ಕೆಲಸವನ್ನು ಮೂರರಿಂದಲೇ ಸಾಧಿಸಿದಂತಾಯಿತು. ಎರಡು ಕಡೆಯೂ ಸಮನಾಗಿ ಸಂಚಾರವಿರುವ ದಾರಿಗೆ ಈ ಉಪಾಯವು ಒಗ್ಗದು. ಯಾವ ಹೊತ್ತಿಗೆ ಯಾವ ಕಡೆಗೆ ಎಷ್ಟು ಗಾಡಿಗಳು ಹೋಗುವುವು ಎಂದು ಮೊದಲೇ ಎಣಿಸಿ ನೋಡಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬರೋಣ. ಮೇಲೆ ಹತ್ತಿದ ಗಾಡಿ ಎಲ್ಲಿಯಾದರೂ ಇಳಿಯಲೇಬೇಕಷ್ಟೆ. ಎಲ್ಲಿಯೂ ತಡೆಯಿಲ್ಲದ ಒಂದು ಪಥದಲ್ಲಿ ಗಂಟೆಗೆ ಸುಮಾರು 2,000 ಕಾರುಗಳು ಸಾಗಬಹುದು. ಎರಡು ಪಥಗಳಲ್ಲಿ 4,000. ಅವು ಇಳಿಯುವ ಕೂಡುರಸ್ತೆಯಲ್ಲಿ ಗಂಟೆಗೆ 20 ನಿಮಿಷ ಮಾತ್ರ ಹಸಿರು ದೀಪವು ಸಿಕ್ಕುವುದಾದರೆ, ಅದೇ ಎರಡು ಪಥಗಳಿಂದ ಮುಂದೆ ಹೋಗುವುವು ಸುಮಾರು 1,300 ಮಾತ್ರ. ಉಳಿದುವು ಸೇತುವೆಯ ಇಳಿಜಾರಿನಲ್ಲಿಯೇ ಸಾಲುಗಟ್ಟಿ ನಿಲ್ಲುವುವು. ಕೆರೆಯ ತೂಬನ್ನು ಹಿಂದಿನಷ್ಟೇ ಕಿರಿದಾಗಿ ಬಿಟ್ಟು ಕಾಲುವೆಯನ್ನು ಎಷ್ಟು ಅಗಲಿಸಿದರೆ ತಾನೆ ಗದ್ದೆಗೆ ಹೆಚ್ಚು ನೀರು ಹರಿದೀತು? ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ನಿಮಿಷಗಳಲ್ಲಿ ಸಾಗಿಬಂದವರು, ಅದು ಇಳಿದ ಸ್ವಲ್ಪ ದೂರದಲ್ಲಿಯೇ ಹೊರವರ್ತುಲ ರಸ್ತೆಯು ಸೇರುವ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಕಾದು ಬೇಸತ್ತುದು ಬೆಂಗಳೂರಿಗರೆಲ್ಲರೂ ಬಲ್ಲ ಸಂಗತಿ.

ಇನ್ನೊಂದು ವಿಚಿತ್ರವುಂಟು. ದಾರಿಯು ಸುಗಮವಾಯಿತೆಂದರೆ, ಅದುವರೆಗೆ ಬೇರೆ ದಾರಿಯಲ್ಲಿ, ಬೇರೆ ಹೊತ್ತಿನಲ್ಲಿ, ಇಲ್ಲವೆ ಬಸ್ಸಿನಲ್ಲಿ ಹೋಗುತ್ತಿದ್ದವರೂ ಅಲ್ಲಿಗೇ ಬಂದು ಸೇರುವರು. ಕೆಲವು ಕಾಲದಲ್ಲಿ ಹಳೆಯ ಇಕ್ಕಟ್ಟೇ ಮರಳುವುದು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ ಇದನ್ನು 1962ರಲ್ಲಿಯೇ ಒಂದು ನಿಯಮವಾಗಿ ನಿರೂಪಿಸಿದರು. ಆದುದರಿಂದ ಮೇಲ್ಸೇತುವೆಯೊಂದನ್ನೇ ನಂಬದೆ, ಹೆಚ್ಚು ಜನರನ್ನು ಕಡಮೆ ಜಾಗದಲ್ಲಿ ಒಯ್ಯುವ ವಾಹನಗಳನ್ನೂ ಜೊತೆಗೂಡಿಸಬೇಕು. ಬೆಂಗಳೂರಿನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಮೊದಲನೆಯ ಅಂತಸ್ತಿನಲ್ಲಿ ರಸ್ತೆಯೂ ಅದರ ಮೇಲಣ ಅಂತಸ್ತಿನಲ್ಲಿ ಮೆಟ್ರೋ ರೈಲೂ ಇರುವಂತೆ 3 ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆಯನ್ನು ಕಟ್ಟಿರುವರು. ಅದರ ರಸ್ತೆಯ ಒಂದು ಪಾರ್ಶ್ವವು 2024ರ ಜುಲೈ ತಿಂಗಳಲ್ಲಿ ತೆರೆಯಿತು. ಅದರ ಮೇಲೆ ಸಾಗಿ ಹೊಸೂರು ರಸ್ತೆಯನ್ನು ಹಿಡಿದು ಬೊಮ್ಮಸಂದ್ರದವರೆಗೆ ಹೋಗುವ, ಸುಮಾರು 19 ಕಿಲೋಮೀಟರಿನ ಮೆಟ್ರೋ ಹಳದಿ ಮಾರ್ಗವು 2025ರ ಆಗಸ್ಟ್ ತಿಂಗಳಲ್ಲಿ ಆರಂಭವಾಯಿತು.

ಕಟ್ಟಿ ಮುಗಿಸಿದೊಡನೆ ಹೊಣೆಯು ತೀರುವುದೂ ಇಲ್ಲ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯಲ್ಲಿ ಮೇಲೆ ಹೇಳಿದಂತಹ ಉಕ್ಕಿನ ಹುರಿಗಳು ಶಿಥಿಲವಾದುದು ಕಂಡುಬಂದು, 2021ರ ಡಿಸೆಂಬರ್ ತಿಂಗಳಲ್ಲಿ ಅದನ್ನು ಮುಚ್ಚಬೇಕಾಯಿತು. ಲಘು ವಾಹನಗಳಿಗೆ 2022ರ ಫೆಬ್ರವರಿಯಲ್ಲಿ ಮತ್ತೆ ಅವಕಾಶವು ದೊರೆಯಿತು. ಭಾರದ ವಾಹನಗಳು 2024ರ ಜುಲೈ ತಿಂಗಳವರೆಗೆ ಕಾಯಬೇಕಾಯಿತು. ನೆಲದ ರಸ್ತೆ ಹಾಳಾದರೆ ಗುಂಡಿಯಾಗಿ ಎಲ್ಲರ ಕಣ್ಣಿಗೂ ಬೀಳುವುದು. ಸೇತುವೆಯೊಳಗಿನ ಹುರಿಗೆ ತುಕ್ಕು ಹಿಡಿದರೆ ಹುಡುಕಿ ನೋಡಿದವರಿಗೆ ಮಾತ್ರ ತಿಳಿಯುವುದು. ಆದುದರಿಂದ ಕಟ್ಟುವ ಹಣದೊಡನೆ ಕಾಪಾಡುವ ಹಣವನ್ನೂ ಮೊದಲೇ ತೆಗೆದಿರಿಸತಕ್ಕದ್ದು.

ಸೇತುವೆಯ ಕೆಳಗೆ ವಾಸಿಸುವವರನ್ನೂ ಮರೆಯಬಾರದು. ಮೂವತ್ತು ಅಡಿಗೆ ಒಂದು ಅಡಿಯಂತೆ ಇಳಿಜಾರು ಮಾಡಿದರೆ, 8 ಮೀಟರು ಎತ್ತರದಿಂದ ನೆಲಕ್ಕೆ ಇಳಿಯಲು 240 ಮೀಟರು ಬೇಕು. ಅದರಲ್ಲಿ ನೆಲಕ್ಕೆ ಸಮೀಪವಾದ ಭಾಗವು ಊರನ್ನು ಎರಡಾಗಿ ಸೀಳುವ ಗೋಡೆಯಂತಾಗುವುದು. ಈಚೆಯ ಮನೆಯ ಮಗು ಆಚೆಯ ಶಾಲೆಗೆ ಹೇಗೆ ಹೋಗಬೇಕು? ಮುದುಕರು ಔಷಧದ ಅಂಗಡಿಗೆ ಎಲ್ಲಿ ದಾಟಬೇಕು? ಕಾಲುದಾರಿ, ದೀಪ, ಮಳೆನೀರಿನ ಚರಂಡಿ, ಬಸ್ಸಿಗೆ ಕಾಯುವ ನೆರಳು, ಇವೆಲ್ಲವೂ ನಕ್ಷೆಯ ಮೊದಲ ಗೆರೆಯಲ್ಲಿಯೇ ಸೇರಬೇಕು. ಕೊನೆಗೆ ಉಳಿದ ಜಾಗದಲ್ಲಿ ತುರುಕುವಂತಾಗಬಾರದು.

ಆದುದರಿಂದ ನಿಮ್ಮ ಊರಿನಲ್ಲಿ ಮೇಲ್ಸೇತುವೆಯ ಮಾತು ಎದ್ದಾಗ, ವಾಚಕರೇ, ಅದರ ಉದ್ದವೆಷ್ಟು, ವೆಚ್ಚವೆಷ್ಟು ಎಂದು ಕೇಳಿ ಸುಮ್ಮನಾಗಬೇಡಿರಿ. ಇದು ಎಲ್ಲಿ ಇಳಿಯುವುದು, ಇಳಿದ ಗಾಡಿಗಳಿಗೆ ಮುಂದೆ ದಾರಿಯುಂಟೆ, ಕಂಬದ ಕೆಳಗಣ ನೆಲವನ್ನು ಪರೀಕ್ಷಿಸಿರುವರೆ, ವರ್ಷವರ್ಷವೂ ಒಳಗಣ ಹುರಿಗಳನ್ನು ನೋಡುವವರಾರು, ನಡೆದು ಹೋಗುವವನಿಗೆ ಉಳಿದ ಜಾಗವೆಷ್ಟು ಎಂದು ಕೇಳಿರಿ. ಕಟ್ಟುವ ಮುನ್ನ ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಪಡೆಯುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಕಟ್ಟಿದ ಮೇಲೆ ಉತ್ತರವನ್ನು ಹುಡುಕಹೊರಟರೆ ಅದರ ಬೆಲೆಯನ್ನು ಮೊಮ್ಮಕ್ಕಳ ಕಾಲದವರೆಗೂ ತೆರಬೇಕಾದೀತು.