ಹಿಂದಿನ ಸೀಟಿಗೂ ಬೇಕು ಹೆಲ್ಮೆಟ್

‘ಇಲ್ಲೇ ಮಾರ್ಕೆಟ್‌ಗೆ ತಾನೇ, ಹೆಲ್ಮೆಟ್ ಯಾಕ್ರೀ? ಮುಡಿದ ಹೂವೆಲ್ಲ ಬಾಡಿಹೋಗುತ್ತೆ...’ ಗಂಡನ ಸ್ಕೂಟರ್ ಹತ್ತುವಾಗ ಈ ಮಾತು ನಿಮ್ಮ ಬಾಯಲ್ಲೂ ಬಂದಿರಬಹುದು.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ನೋಡಿ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. 2019ರಲ್ಲಿ ಈ ಪಾಲು 37 ಇತ್ತು. 2022ರ ಒಂದೇ ವರ್ಷ ಹೆಲ್ಮೆಟ್ ಹಾಕದೆ ಸತ್ತವರು 50,029. ಇವರಲ್ಲಿ 14,337 ಮಂದಿ ಗಾಡಿ ಓಡಿಸುತ್ತಲೇ ಇರಲಿಲ್ಲ, ಸುಮ್ಮನೆ ಹಿಂದೆ ಕೂತಿದ್ದರು!

ಯಾಕೆ ಹೀಗೆ? ಓಡಿಸುವವರಿಗೆ ಹಿಡಿಯಲು ಹ್ಯಾಂಡಲ್ ಇದೆ, ಎದುರಿನ ಗುಂಡಿಯೂ ಕಾಣುತ್ತೆ. ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮಗು ಹಿಡಿದು ಕೂತ ಹೆಂಗಸಿಗೆ ಎರಡೂ ಇಲ್ಲ. ಹಂಪ್ ಮೇಲೆ ಗಾಡಿ ಎಗರಿದರೆ ಆಕೆ ಹಿಂದಕ್ಕೆ ಬೀಳ್ತಾಳೆ, ತಲೆಯ ಹಿಂಭಾಗವೇ ನೆಲಕ್ಕೆ ಬಡಿಯುತ್ತೆ. ಚೂಡಿದಾರ್ ಹಾಕಿದ ದಿನವಾದರೂ ಎರಡೂ ಕಡೆ ಕಾಲು ಹಾಕಿ ಕೂರಿ. ಬ್ಯಾಗು ಹೆಗಲಿಗಿರಲಿ, ಕೈ ಹಿಡಿಕೆಯ ಮೇಲಿರಲಿ. ಸೆರಗು, ವೇಲ್ ಸೊಂಟಕ್ಕೆ ಸಿಕ್ಕಿಸಿಯೇ ಹತ್ತಿ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕೆಂಬುದು ಮೋಟಾರು ವಾಹನ ನಿಯಮದಲ್ಲೇ ಇದೆ. ಅಂದ ಕೆಡುತ್ತೆ ಅಂತ ಮಗರಾಯ ಅದನ್ನು ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ.

ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂದು ಕರ್ನಾಟಕದಲ್ಲಿ ಆದೇಶವಾಗಿದ್ದು 2016ರ ಜನವರಿಯಲ್ಲಿ. ಆಮೇಲೆ ಫುಟ್‌ಪಾತ್‌ನಲ್ಲಿ ಬುಟ್ಟಿಯಂಥ ಹೆಲ್ಮೆಟ್‌ಗಳ ಸುಗ್ಗಿ! ಅವು ದಂಡ ತಪ್ಪಿಸಿಯಾವು, ತಲೆ ಉಳಿಸಲಾರವು. ಐಎಸ್‌ಐ ಗುರುತಿರುವ, ನಿಮ್ಮ ತಲೆ ಅಳತೆಯದ್ದನ್ನೇ ಕೊಳ್ಳಿ. ತುರುಬಿದ್ದರೆ ಅದು ಸರಿಯಾಗಿ ಕೂರಲ್ಲ, ಹಾಗಾಗಿ ಕೆಳಗೆ ಸಡಿಲ ಜಡೆ ಹಾಕಿ. ಪಟ್ಟಿ ಬಿಗಿಯದಿದ್ದರೆ ನೀವು ಬೀಳುವ ಮೊದಲೇ ಹೆಲ್ಮೆಟ್ ಹಾರಿಹೋಗುತ್ತೆ.

ಮಕ್ಕಳ ವಿಷಯದಲ್ಲಂತೂ ರಾಜಿ ಬೇಡವೇ ಬೇಡ. 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರಿಗೆ ಬಿಗಿಯುವ ಬೆಲ್ಟ್ ಇರಬೇಕು. ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್ಟೂ ಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ.

ಇಷ್ಟಾಗಿಯೂ ಬಿದ್ದರೆ? ರಕ್ತ ಬಂದಿಲ್ಲವೆಂದು ಎದ್ದು ಅಡುಗೆಮನೆ ಸೇರಬೇಡಿ. ತಲೆಗೆ ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ವಿಪರೀತ ಮಂಪರು, ತೊದಲು ಮಾತು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ತಲೆಬುರುಡೆಯೊಳಗಿನ ರಕ್ತಸ್ರಾವ ಗಂಟೆಗಟ್ಟಲೆ ಕಳೆದ ಮೇಲೂ ಕಾಣಿಸಿಕೊಳ್ಳಬಹುದು.