ಸುಟ್ಟ ವೈರಿನ ಮಹಜರು

ಮೊದಲು ಬರುವುದು ಹೊಗೆಯಲ್ಲ, ವಾಸನೆ. ಡೀಸೆಲ್ಲಿನದಲ್ಲ, ಬ್ರೇಕ್ ಲೈನಿಂಗಿನದೂ ಅಲ್ಲ. ಮೂಗಿನೊಳಗೆ ಚುಚ್ಚುವ ಪ್ಲಾಸ್ಟಿಕ್ಕಿನ ಕಮಟು. ಗೇರ್ ಬದಲಿಸುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಸಂದಿಯಿಂದ ಬಿಳಿ ಎಳೆ ಏಳುತ್ತದೆ. ಅನುಭವಸ್ಥ ಲಾರಿ ಡ್ರೈವರ್ ಗಾಡಿಯನ್ನು ಬದಿಗೆ ಹಾಕುತ್ತಾನೆ, ಆದರೆ ಕ್ಯಾಬಿನ್ ಎತ್ತಲು ಹೋಗುವುದಿಲ್ಲ. ಎತ್ತಿದರೆ ಒಳಗಿನ ಕಿಡಿಗೆ ಗಾಳಿ ಹಾಕಿದ ಹಾಗೆ. ಎಂಜಿನ್ ನಿಲ್ಲಿಸಿ, ಓಡಿಹೋಗಿ ಬ್ಯಾಟರಿಯ ಮೈನಸ್ ಕೇಬಲ್ ಕಿತ್ತು, ಆಮೇಲೆ ಮಣ್ಣನ್ನೋ ಪೌಡರ್ ಸಿಲಿಂಡರನ್ನೋ ಹುಡುಕುತ್ತಾನೆ.

ರಾಯದುರ್ಗದಿಂದ ಜೀನ್ಸ್ ಮೂಟೆ ಹೊತ್ತು ಬಳ್ಳಾರಿಗೆ ಹೊರಟ ಲಾರಿಯಿರಲಿ, ಮಡಕಶಿರಾ ಸೀಮೆಯ ಹುಣಸೆಹಣ್ಣನ್ನು ಹಿಂದೂಪುರದ ಮಾರುಕಟ್ಟೆಗೆ ಒಯ್ಯುವ ಲಾರಿಯಿರಲಿ, ಬೆಂಕಿ ಆರಿದ ಮೇಲೆ ಅದು ಬಂದು ನಿಲ್ಲುವುದು ಆಟೊ ಎಲೆಕ್ಟ್ರಿಷಿಯನ್ ಅಂಗಡಿಯ ಮುಂದೆ. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಕನ್ನಡ ತೆಲುಗು ಎರಡೂ ಓಡಾಡುವ ಈ ಅಂಗಡಿಗಳ ಮಾತು ಬೇರೆಯಾಗಿಲ್ಲ. ಶಾರ್ಟು, ಅರ್ಥು, ಸೆಲ್ಫು, ಕಪ್ಲರ್ರು ಎಲ್ಲ ಕಡೆಯೂ ಒಂದೇ. ಮಾಲೀಕರ ಮಾತೂ ಒಂದೇ: "ಹೊಸ ವೈರಿಂಗ್ ಕಿಟ್ ಹಾಕ್ಬಿಡಣ್ಣ, ಸಂಜೆಗೆ ಲೋಡೈತೆ."

ಎರಡನೇ ಬೆಂಕಿ ಹುಟ್ಟುವುದು ಈ ಅವಸರದಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುವ ಗಾದೆ ಲಾರಿಯ ವೈರಿಂಗಿಗೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದಲಿಕ್ಕಿಲ್ಲ. ಸುಟ್ಟುಹೋದ ವೈರು ಬಹಳ ಸಲ ತಪ್ಪು ಮಾಡಿದ ವೈರಲ್ಲ. ಯಾರದೋ ಹೊರೆ ಹೊತ್ತು ಸುಟ್ಟದ್ದು.

ಅರ್ಥಿನ ಕತೆಯನ್ನೇ ನೋಡಿ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಕೂತು 24 ವೋಲ್ಟ್ ಕೊಡುತ್ತವೆ. ಹೋಗುವ ಕರೆಂಟಿಗೆ ವೈರು, ವಾಪಸು ಬರುವುದಕ್ಕೆ ಚಾಸಿ. ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ಅದಕ್ಕೂ ಚಾಸಿಗೂ ನಡುವೆ ಕರೆಂಟು ದಾಟಲು ಇರುವ ಸೇತುವೆ ಜಡೆಯಂತೆ ಹೆಣೆದ ತಾಮ್ರದ ಒಂದು ಪಟ್ಟಿ. ಎಂಜಿನ್ ಚಾಲೂ ಮಾಡಲು ಸೆಲ್ಫ್ ಹೊಡೆದಾಗ ಆ ಪಟ್ಟಿಯ ಮೇಲೆ ನೂರಾರು ಆಂಪಿಯರ್ ಹರಿಯುತ್ತದೆ. ಪಟ್ಟಿ ತುಕ್ಕು ಹಿಡಿದಿದ್ದರೆ, ಅಥವಾ ಗೇರ್‌ಬಾಕ್ಸ್ ಇಳಿಸಿದವರು ಅದನ್ನು ಮತ್ತೆ ಬಿಗಿಯಲು ಮರೆತಿದ್ದರೆ, ಕರೆಂಟು ಸುಮ್ಮನಿರುವುದಿಲ್ಲ, ಅಡ್ಡದಾರಿ ಹಿಡಿಯುತ್ತದೆ. ಆಕ್ಸಲರೇಟರ್ ಕೇಬಲ್ಲಿನ ಉಕ್ಕಿನ ಎಳೆ ಸಿಕ್ಕಿದರೆ ಅದು, ಸೆನ್ಸರಿನ ಕೂದಲಿನಂಥ ಅರ್ಥ್ ವೈರು ಸಿಕ್ಕಿದರೆ ಅದು. ಕೇಬಲ್ ಕೆಂಪಗೆ ಕಾದು ಪಕ್ಕದ ವೈರಿನ ಕಟ್ಟನ್ನು ಕರಗಿಸುತ್ತದೆ. ಎಲೆಕ್ಟ್ರಿಷಿಯನ್ ಆ ಕಟ್ಟನ್ನು ಹೊಸದು ಮಾಡಿ ಕಳಿಸುತ್ತಾನೆ. ಪಟ್ಟಿ ಮಾತ್ರ ಕೆಳಗೆ ಹಾಗೇ ನೇತಾಡುತ್ತಿರುತ್ತದೆ.

ಇನ್ನು ಫ್ಯೂಸು. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಕಾವು ನಾಲ್ಕು ಪಟ್ಟಾಗುತ್ತದೆ ಎನ್ನುವುದು ಹೈಸ್ಕೂಲ್ ಪಾಠ. ಆದರೂ 10 ಆಂಪಿಯರ್ ಫ್ಯೂಸ್ ಎರಡು ಸಲ ಹೋದರೆ ಮೂರನೆಯ ಸಲ 30ರದ್ದು ಬಂದು ಕೂರುತ್ತದೆ, ಇಲ್ಲವೇ ತಾಮ್ರದ ಒಂದು ಎಳೆ. ಅಲ್ಲಿಂದ ಮುಂದೆ ಇಡೀ ವೈರೇ ಫ್ಯೂಸು. ಪ್ರೆಷರ್ ಹಾರ್ನ್, ಎಲ್‌ಇಡಿ ಪಟ್ಟಿ, ದೇವರ ಫೋಟೋದ ಸುತ್ತ ಮಿನುಗುವ ಸರ ಇವೆಲ್ಲ ಸಾಮಾನ್ಯವಾಗಿ ಯಾವುದೋ ವೈರಿನ ಸಿಪ್ಪೆ ಸುಲಿದು ಸುತ್ತಿದ ಜೋಡಣೆಗಳೇ. 12 ವೋಲ್ಟಿನ ಟೇಪ್‌ರೆಕಾರ್ಡರಿಗೆ ಎರಡರಲ್ಲಿ ಒಂದೇ ಬ್ಯಾಟರಿಯಿಂದ ಕರೆಂಟು ಕದಿಯುವುದೂ ಉಂಟು. ಒಂದು ಬ್ಯಾಟರಿ ಸೊರಗುತ್ತದೆ, ಚಾರ್ಜಿಂಗ್ ವೋಲ್ಟೇಜಿನ ಹೆಚ್ಚುಪಾಲು ಇನ್ನೊಂದಕ್ಕೆ ಬಿದ್ದು ಅದು ಕುದಿಯುತ್ತದೆ.

ಈ ಸೀಮೆಯ ಮಣ್ಣಿಗೂ ಈ ಬೆಂಕಿಗಳಲ್ಲಿ ಪಾಲಿದೆ. ಹಗರಿ ದಂಡೆಯ ದರ್ಗಾಹೊನ್ನೂರಿನ ಕಡೆ ಮರಳು ದಿಬ್ಬಗಳೇ ಎದ್ದಿವೆ. ಓಬಳಾಪುರದ ಕಡೆಗೆ ಅದಿರಿನ ಕೆಂಧೂಳು. ಕ್ಲಿಪ್ಪು ಕಳಚಿದ ವೈರಿನ ಕಟ್ಟು ಬ್ರಾಕೆಟ್ಟಿನ ಅಂಚಿಗೆ ತಾಗಿ ನಡುಗುತ್ತಿದ್ದರೆ, ನಡುವೆ ಸೇರಿದ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಎಂಜಿನ್ನಿನ ಮೇಲೆ ಆಯಿಲ್ ಜೊತೆ ಮೆತ್ತಿದ ಧೂಳು ಕಿಡಿ ಬಿದ್ದರೆ ಬತ್ತಿ.

ಎಲ್ಲ ಬೆಂಕಿಯ ಮೂಲವೂ ವೈರಲ್ಲ, ನಿಜ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲು ಬಳಿಯ ಚಿನ್ನಟೇಕೂರಿನಲ್ಲಿ ಬೆಂಗಳೂರಿನತ್ತ ಬರುತ್ತಿದ್ದ ಬಸ್ಸು ಹೊತ್ತಿ 19 ಪ್ರಯಾಣಿಕರು ಸತ್ತಾಗ, ಬಸ್ಸಿನಡಿ ಸಿಕ್ಕಿಕೊಂಡಿದ್ದದ್ದು ಒಂದು ಬೈಕು. ಮಡಕಶಿರಾದಿಂದ ಅಷ್ಟೇನೂ ದೂರವಲ್ಲದ ಹಿರಿಯೂರಿನ ಹತ್ತಿರ 2020ರ ಆಗಸ್ಟ್ 12ರಂದು ಐವರನ್ನು ಬಲಿ ತೆಗೆದುಕೊಂಡ ಬಸ್ಸಿನ ಬೆಂಕಿ ಕಾಣಿಸಿಕೊಂಡದ್ದು ಎಂಜಿನ್ ಕಡೆಯಿಂದ. ಹಾಗಾಗಿ ಕಾರಣವನ್ನು ಊಹಿಸಿಕೊಂಡು ಸ್ಪ್ಯಾನರ್ ಹಿಡಿಯುವಂತಿಲ್ಲ. ಪೊಲೀಸರು ಮಹಜರು ಮಾಡಿದ ಹಾಗೆ ಇದ್ದುದನ್ನು ಇದ್ದಂತೆಯೇ ನೋಡಬೇಕು. ಏನನ್ನೂ ಕೀಳುವ ಮೊದಲು ಫೋಟೋ. ವಿಮೆ ಸರ್ವೇಯರ್ ಕೇಳುವುದೂ ಅದನ್ನೇ: ಸಮಗ್ರ ಪಾಲಿಸಿಯಲ್ಲಿ ಬೆಂಕಿ, ತಾನಾಗಿ ಹೊತ್ತಿಕೊಳ್ಳುವುದು ಎರಡೂ ಸೇರಿರುತ್ತವೆ, ಬರೀ ಎಲೆಕ್ಟ್ರಿಕಲ್ ದೋಷ ಸೇರಿರುವುದಿಲ್ಲ.

ಸುಟ್ಟ ವೈರನ್ನು ಓದಲು ಬರುತ್ತದೆ. ಹೊರಗಿನ ಬೆಂಕಿ ತಾಗಿದ್ದರೆ ಮೇಲೆ ಕರಿ, ತಾಮ್ರಕ್ಕೆ ಅಂಟಿದ ಒಳಪದರದಲ್ಲಿ ಇನ್ನೂ ಬಣ್ಣ. ಹೊರೆ ಮೀರಿ ಒಳಗಿನಿಂದಲೇ ಬೆಂದಿದ್ದರೆ ಕವಚ ಹಾವಿನ ಪೊರೆಯಂತೆ ಸಡಿಲ. ತುಂಡಾದ ತುದಿಯಲ್ಲಿ ಸಾಸಿವೆಯಂಥ ತಾಮ್ರದ ಮಣಿ ಕಂಡರೆ ಅಲ್ಲಿ ಕರೆಂಟು ಕಿಡಿ ಹಾರಿಸಿದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಆ ಜಾಗದಲ್ಲೇ ಬೆಂಕಿ ಶುರುವಾಯಿತು ಎಂದು ಮಾತ್ರ ಅಷ್ಟರಿಂದ ಹೇಳಲಾಗದು. ಬೇರೆಡೆಯ ಬೆಂಕಿ ಬಂದು ಕವಚ ಸುಟ್ಟಾಗಲೂ ಹೀಗೇ ಆಗುತ್ತದೆ.

ಮೋಸ ಮಾಡುವುದು ಚೆನ್ನಾಗಿ ಕಾಣುವ ವೈರು. ಪಿವಿಸಿ ಉರಿದಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ತೇವದೊಡನೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ವೈರುಗಳನ್ನು ಕೂಡಿಸುವ, ಬೆಂಕಿ ತಾಗದ ಕಪ್ಲರಿನ ಪಿನ್ನುಗಳ ಮೇಲೂ ಅದು ಕೂತಿರುತ್ತದೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ತಿಂಗಳುಗಟ್ಟಲೆ ಏನೂ ಗೊತ್ತಾಗದೆ, ಒಂದು ಮಳೆ ಬಿದ್ದದ್ದೇ ಪಿನ್ನು ಹಸಿರುಗಟ್ಟಿ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿನುಗತೊಡಗುತ್ತದೆ.

ಮೀಟರನ್ನೂ ಪೂರ್ತಿ ನಂಬುವಂತಿಲ್ಲ. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಅದು 24 ವೋಲ್ಟ್ ತೋರಿಸಿಬಿಡುತ್ತದೆ. ಅದಕ್ಕೇ ಹಳಬರ ಕೈಯಲ್ಲಿ ಎರಡು ವೈರು ಬೆಸೆದ 21 ವಾಟಿನ ಬಲ್ಬು: ಹೆಚ್ಚು ಕಡಿಮೆ 0.9 ಆಂಪಿಯರ್ ಎಳೆಯುವ ಅದು ಪೂರ್ತಿ ಬೆಳಗಿದರೆ ಮಾತ್ರ ವೈರಿಗೆ ಜೀವವಿದೆ ಎಂದರ್ಥ.

ಈ ಬಲ್ಬಿಗೆ ಹೊಸ ಲಾರಿಗಳಲ್ಲಿ ಎಲ್ಲೆಂದರಲ್ಲಿ ಪ್ರವೇಶವಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ, ಯೂರಿಯಾ ದ್ರಾವಣ ಚಿಮ್ಮಿಸುವ ವ್ಯವಸ್ಥೆ, ಸಾಲು ಸಾಲು ಸೆನ್ಸರ್. ಅವುಗಳ ವೈರಿಗೆ ಬಲ್ಬು ಚುಚ್ಚಿದರೆ ಇದ್ದ ಇಸಿಯು ಸಹ ಹೋದೀತು. ಅಲ್ಲಿ ಮೀಟರೇ ಗತಿ. ಇಸಿಯುಗಳು ಮಾತಾಡಿಕೊಳ್ಳುವ ಹೆಣೆದ ಜೋಡಿ ವೈರು 'ಕ್ಯಾನ್' ಲೈನು. ಎರಡು ತುದಿಗೂ 120 ಓಮ್. ಬ್ಯಾಟರಿ ಕಿತ್ತು ಜೋಡಿಯ ನಡುವೆ ಅಳೆದರೆ 60 ಬರಬೇಕು. 120 ಬಂದರೆ ಎಲ್ಲೋ ತುಂಡಾಗಿದೆ, ಸೊನ್ನೆಯ ಹತ್ತಿರವಿದ್ದರೆ ಎರಡೂ ಕರಗಿ ಅಂಟಿಕೊಂಡಿವೆ.

ಎಲ್ಲ ಮುಗಿದ ಮೇಲೆ ಕೊನೆಯ ಪರೀಕ್ಷೆಗೆ ಮತ್ತೆ ಅದೇ ಬಲ್ಬು. ಬ್ಯಾಟರಿಯ ಮೈನಸ್ಸಿಗೂ ಕೇಬಲ್ಲಿಗೂ ನಡುವೆ ಅದನ್ನಿಟ್ಟು, ಕೀ ಆಫ್ ಮಾಡಿ ನೋಡಬೇಕು. ಎಲ್ಲೋ ಶಾರ್ಟ್ ಉಳಿದಿದ್ದರೆ ಬಲ್ಬು ಝಗ್ಗೆನ್ನುತ್ತದೆಯೇ ಹೊರತು ವೈರು ಸುಡುವುದಿಲ್ಲ. ಇಲ್ಲದಿದ್ದರೆ ಒಮ್ಮೆ ಮಿಣುಕಿ ಆರುತ್ತದೆ. ಅಷ್ಟು ಹೊತ್ತಿಗೆ ಮಾಲೀಕನ ಫೋನು ಮೂರನೆಯ ಸಲ ಬಂದಿರುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಎತ್ತದೆ, ಲಾರಿಯಡಿ ನುಸುಳಿ ಅರ್ಥ್ ಪಟ್ಟಿಯ ಬೋಲ್ಟಿಗೆ ಇನ್ನೊಂದು ಸುತ್ತು ಕೊಡುತ್ತಾನೆ.